ಯಾರೂ ತಿರುಗಿಸದ ನಲ್ಲಿ

ರಾತ್ರಿ ಎರಡು ಗಂಟೆಗೆ ಶಾಲೆಯಲ್ಲಿ ಯಾರಿರುತ್ತಾರೆ? ಮಕ್ಕಳಿಲ್ಲ, ಮೇಷ್ಟ್ರಿಲ್ಲ, ಗೇಟಿಗೆ ಬೀಗ ಬಿದ್ದಿದೆ. ಆ ಹೊತ್ತಿಗೆ ನೀರಿನ ಮೀಟರು ತೆಪ್ಪಗೆ ನಿಂತಿರಬೇಕು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2017ರ ಕೊನೆಯಿಂದ ಶಾಲೆಗಳ ಮೀಟರಿಗೆ ಹೊತ್ತುಹೊತ್ತಿನ ಲೆಕ್ಕ ಕೊಡುವ ಸಾಧನ ಜೋಡಿಸಿ ನೋಡಿದಾಗ, ಎಷ್ಟೋ ಕಡೆ ಅದು ನಿಂತಿರಲೇ ಇಲ್ಲ. ಯಾರೂ ತಿರುಗಿಸದ ನಲ್ಲಿಯಿಂದ, ಯಾರೂ ಒತ್ತದ ಫ್ಲಶ್ಶಿನಿಂದ ನೀರು ಹೋಗುತ್ತಲೇ ಇತ್ತು.

ಪ್ಲಂಬರ್ ನೋಡಿಕೊಳ್ಳಬೇಕಾದ ವಿಷಯ ಎಂದು ಇದನ್ನು ಕೈಬಿಡಬಹುದು. ಆದರೆ ಧರ್ಮದವರೂ ತತ್ತ್ವಶಾಸ್ತ್ರದವರೂ ಬಹುಕಾಲದಿಂದ ಗುದ್ದಾಡುತ್ತಿರುವ ಪ್ರಶ್ನೆಯೊಂದು ಆ ಮೀಟರಿನ ಮುಳ್ಳಿಗೆ ಸಿಕ್ಕಿಹಾಕಿಕೊಂಡಿದೆ. ತಪ್ಪು ಕಣ್ಣಿಗೆ ಕಾಣುವಂತೆ ನಡೆದಿದೆ, ಮಾಡಿದವರು ಮಾತ್ರ ಯಾರೂ ಇಲ್ಲ. ಹಾಗಿದ್ದರೆ ಅದು ತಪ್ಪು ಹೌದೇ? ಹೌದಾದರೆ ಯಾರ ಲೆಕ್ಕಕ್ಕೆ ಬರೆಯಬೇಕು?

ಕೇಪ್‌ಟೌನ್‌ಗೆ ಆಗ ಒಂದೊಂದು ಬಕೆಟ್ಟೂ ಲೆಕ್ಕದ ವಸ್ತುವಾಗಿತ್ತು. 2015ರಿಂದ ಮೂರು ವರ್ಷ ಮಳೆ ಕೈಕೊಟ್ಟು, ನಗರಕ್ಕೆ ನೀರು ಕೊಡುವ ಅಣೆಕಟ್ಟುಗಳಲ್ಲೇ ದೊಡ್ಡದಾದ ಥೀವಾಟರ್ಸ್‌ಕ್ಲೂಫ್‌ನ ತಳ ಕಾಣಿಸತೊಡಗಿತ್ತು. ಅಣೆಕಟ್ಟುಗಳ ಒಟ್ಟು ಸಂಗ್ರಹ ಶೇ. 13.5ಕ್ಕೆ ಇಳಿದ ದಿನ ಮನೆಮನೆಯ ನಲ್ಲಿ ಬಂದ್ ಮಾಡಿ, ಸುಮಾರು 200 ಕೇಂದ್ರಗಳಲ್ಲಿ ತಲೆಗೆ 25 ಲೀಟರಿನಂತೆ ಹಂಚುವುದೆಂದು ಆಡಳಿತ ತೀರ್ಮಾನಿಸಿತ್ತು. ಆ ದಿನಕ್ಕೆ ‘ಡೇ ಜೀರೋ’ ಎಂಬ ಹೆಸರು ಬಿತ್ತು. 2018ರ ಫೆಬ್ರುವರಿ 1ರಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂಬ ಮಿತಿ ಬಂತು. ಕುಡಿಯಲು, ಬೇಯಿಸಲು, ಮೀಯಲು, ಬಟ್ಟೆ ಒಗೆಯಲು, ಶೌಚಕ್ಕೆ ಎಲ್ಲ ಸೇರಿ ಐವತ್ತು. ಹೋಲಿಕೆಗೆ ಹೇಳುವುದಾದರೆ, ಭಾರತೀಯ ಮಾನಕ ಐಎಸ್ 1172 ಹಗಲು ಶಾಲೆಯ ಒಬ್ಬ ವಿದ್ಯಾರ್ಥಿಗೇ ದಿನಕ್ಕೆ 45 ಲೀಟರ್ ಹಿಡಿಯುತ್ತದೆ. ನಮ್ಮ ಕಾಗದದ ಮೇಲಿನ ಶಾಲೆ ಅಷ್ಟು ಉದಾರಿ.

ಶಾಲೆಗಳ ಕೆಲಸಕ್ಕೆ ಕೈಹಾಕಿದವರು ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದ ಎಂಜಿನಿಯರ್ ತೀನಸ್ ಬೂಯ್ಸನ್ ಮತ್ತು ಅವರ ತಂಡ. ಪುರಸಭೆಯ ಹಳೆಯ ಮೀಟರಿಗೆ ಒಂದು ಪುಟ್ಟ ಸಾಧನ ಜೋಡಿಸಿದರೆ ಅದು ಮೊಬೈಲ್ ಜಾಲದ ಮೂಲಕ ಬಳಕೆಯ ಲೆಕ್ಕ ಕಳಿಸುತ್ತಿತ್ತು. ಒಂದು ಹಂತದಲ್ಲಿ 196 ಶಾಲೆಗಳಲ್ಲಿ ಸಣ್ಣಪುಟ್ಟ ದುರಸ್ತಿ ನಡೆಯಿತು. ಒಂದು ಶಾಲೆಗೆ ಖರ್ಚಿನ ಮಿತಿ 5000 ರ‍್ಯಾಂಡ್. ಅಷ್ಟರಿಂದಲೇ ರಾತ್ರಿಯ ಕನಿಷ್ಠ ಹರಿವು ಸರಾಸರಿ ಶೇ. 28ರಷ್ಟು ಇಳಿಯಿತು. ಕೇಪ್‌ಟೌನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ಮಾರ್ಟೀನ್ ವಿಸ್ಸರ್ ಜತೆಗೂಡಿ 105 ಶಾಲೆಗಳಲ್ಲಿ ನಡೆಸಿದ ಇನ್ನೊಂದು ಪ್ರಯೋಗದ ದಾರಿ ಬೇರೆ. ಅಲ್ಲಿ ಬಳಕೆಯ ಲೆಕ್ಕವನ್ನು ಶಾಲೆಯ ಮುಂದಿಟ್ಟು, ಜನರ ನಡವಳಿಕೆ ಬದಲಾಗುತ್ತದೆಯೇ ಎಂದು ನೋಡಿದರು. ಶೇ. 15ರಿಂದ 26ರವರೆಗೆ ನೀರು ಉಳಿಯಿತು.

ಎರಡು ಪ್ರಯೋಗ, ಎರಡು ಬಗೆಯ ನೀರು. ಹಗಲಿನ ನೀರು ಕೈಗಳದ್ದು. ರಾತ್ರಿಯ ನೀರು ಪೈಪುಗಳದ್ದು. ನೀರಿನ ಬಗ್ಗೆ ಮಕ್ಕಳಿಗೆ ಕೊಡುವ ಉಪದೇಶವೆಲ್ಲ ಮೊದಲನೆಯದನ್ನು ಕುರಿತದ್ದು.

ಶಾಲೆಯ ನೀರನ್ನು ಮಕ್ಕಳೇ ತನಿಖೆ ಮಾಡುವ ಪದ್ಧತಿ ಬರಗಾಲದಲ್ಲಿ ಹುಟ್ಟಿದ್ದಲ್ಲ. 1992ರ ರಿಯೊ ಸಮಾವೇಶದ ಬೆನ್ನಿಗೇ, 1994ರಲ್ಲಿ, ಯುರೋಪಿನಲ್ಲಿ ಶುರುವಾದ ‘ಇಕೋ ಸ್ಕೂಲ್ಸ್’ ಕಾರ್ಯಕ್ರಮದಲ್ಲಿ ಮಕ್ಕಳ ಸಮಿತಿಯೇ ಶಾಲೆಯ ಪರಿಶೀಲನೆ ಮಾಡಬೇಕು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ‘ಗ್ರೀನ್ ಸ್ಕೂಲ್ಸ್’ ಕಾರ್ಯಕ್ರಮದಲ್ಲೂ ಗಾಳಿ, ಇಂಧನ, ಆಹಾರ, ನೆಲ, ಕಸದ ಜತೆಗೆ ನೀರಿನ ಲೆಕ್ಕವನ್ನು ಮಕ್ಕಳೇ ತೆಗೆಯುತ್ತಾರೆ. ಇದಕ್ಕೆ ದೊಡ್ಡ ಉಪಕರಣವೇನೂ ಬೇಡ. ಸಂಜೆ ಶಾಲೆ ಬಿಡುವಾಗ ಮೀಟರಿನ ಅಂಕಿ ಬರೆದಿಟ್ಟುಕೊಳ್ಳುವುದು, ಬೆಳಿಗ್ಗೆ ಮೊದಲ ನಲ್ಲಿ ತಿರುಗಿಸುವ ಮುಂಚೆ ಇನ್ನೊಮ್ಮೆ ನೋಡುವುದು. ಎರಡಕ್ಕೂ ವ್ಯತ್ಯಾಸವಿದ್ದರೆ ಕಟ್ಟಡದೊಳಗೆ ಎಲ್ಲೋ ಸೋರುತ್ತಿದೆ. ಅನುಮಾನವಿದ್ದರೆ ಎಲ್ಲ ನಲ್ಲಿ ಮುಚ್ಚಿಸಿ ಮೀಟರಿನ ಗಾಜಿನೊಳಗಿನ ಪುಟ್ಟ ಕೆಂಪು ಚಕ್ರವನ್ನು ನೋಡಬೇಕು. ಅದು ಆಗಲೂ ತಿರುಗುತ್ತಿದ್ದರೆ ಬೇರೆ ಸಾಕ್ಷಿ ಬೇಡ. ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ ಕಾಲು ಗಂಟೆ ಯಾರೂ ಒತ್ತದಂತೆ ಕಾಯುವುದು ಇನ್ನೊಂದು ಉಪಾಯ. ಕೆಳಗಿನ ಬೇಸಿನ್ನಿನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರು ಹೋಗಿದೆ ಎಂದರ್ಥ. ಈ ಕಾಲು ಗಂಟೆ ಶೌಚಾಲಯದ ಬಾಗಿಲಿಗೆ ಕಾವಲು ನಿಲ್ಲುವ ಹುಡುಗರ ಗತ್ತು ನೋಡುವಂತಿರುತ್ತದೆ.

ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಲೀಟರಿನ ಬಾಟಲಿ ಇಟ್ಟು ಗಡಿಯಾರ ನೋಡಲಿ. ಇಪ್ಪತ್ತು ನಿಮಿಷಕ್ಕೆ ತುಂಬಿತು ಎನ್ನೋಣ. ಗಂಟೆಗೆ ಮೂರು ಲೀಟರ್, ದಿನಕ್ಕೆ 72. ಈಗ ಮಕ್ಕಳಿಗೆ ಕೈತೊಳೆಯುವ ಪಾಠ ಮಾಡಿ, ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿರೆಂದು ಹೇಳಿ, ಒಬ್ಬೊಬ್ಬರೂ ದಿನಕ್ಕೆ ಅರ್ಧ ಲೀಟರ್ ಉಳಿಸಿದರೆಂದು ಇಟ್ಟುಕೊಂಡರೂ, ಆ ಒಂದು ನಲ್ಲಿಯನ್ನು ಸರಿಗಟ್ಟಲು 144 ಮಕ್ಕಳು ಬೇಕು. 144 ಮಕ್ಕಳ ಸಂಯಮ ಒಂದು ಕಡೆ, ಸವೆದ ವಾಷರು ಇನ್ನೊಂದು ಕಡೆ. ಎಂಟನೇ ತರಗತಿಯ ಹುಡುಗಿಗೆ ಈ ಲೆಕ್ಕ ಹೊಳೆದ ಗಳಿಗೆಯಲ್ಲಿ ಗೋಡೆಯ ಮೇಲಿನ ನೀತಿವಾಕ್ಯಗಳ ಮೇಲೆ ಆಕೆಗಿದ್ದ ಗೌರವ ಸ್ವಲ್ಪ ಕಡಿಮೆಯಾದರೆ ತಪ್ಪು ಆಕೆಯದಲ್ಲ. ಪ್ರತಿ ವರ್ಷ ಮಾರ್ಚ್ 22ರ ವಿಶ್ವ ಜಲ ದಿನಕ್ಕೆ ಚಾರ್ಟ್ ಬರೆಸಿ, ಬ್ರಷ್ ತೊಳೆಯಲು ಅದೇ ಸೋರುವ ನಲ್ಲಿಗೆ ಕಳಿಸುವ ಶಾಲೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಧರ್ಮಗಳು ನೀರಿನ ಬಗ್ಗೆ ಹೇಳಿದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ, ಅವುಗಳ ಕಣ್ಣಿರುವುದು ಬಹುಮಟ್ಟಿಗೆ ಕೈಯ ಮೇಲೆ. ವೈದಿಕರ ಆಚಮನಕ್ಕೆ ಅಂಗೈಯಲ್ಲಿ ಒಂದು ಉದ್ದಿನ ಕಾಳು ಮುಳುಗುವಷ್ಟು ನೀರು ಸಾಕು. ಇಸ್ಲಾಮಿನ ಹದೀಸ್ ಸಂಗ್ರಹಗಳ ಪ್ರಕಾರ ಪ್ರವಾದಿ ಮುಹಮ್ಮದರು ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಜೂವನ್ನು ಒಂದು ‘ಮುದ್ದ್’ ನೀರಿನಲ್ಲಿ ಮುಗಿಸುತ್ತಿದ್ದರು, ಅಂದರೆ ಹೆಚ್ಚೆಂದರೆ ಒಂದು ಲೀಟರ್. ಸ್ನಾನಕ್ಕೆ ಅದರ ನಾಲ್ಕೈದು ಪಟ್ಟು. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೋ ಸಿ’ ಪತ್ರ ನೀರನ್ನು ಮಿತವಾಗಿ ಬಳಸುವುದನ್ನು ದಿನನಿತ್ಯದ ಸಣ್ಣ ಕೆಲಸಗಳ ಪಟ್ಟಿಗೆ ಸೇರಿಸಿ, ಇಂಥವುಗಳಿಂದ ಲೋಕವೇನೂ ಬದಲಾಗದು ಎಂದುಕೊಳ್ಳಬೇಡಿ ಎಂದು ಸಮಾಧಾನವನ್ನೂ ಹೇಳುತ್ತದೆ. ಎಲ್ಲವೂ ಒಪ್ಪತಕ್ಕ ಮಾತೇ. ಎಲ್ಲದರಲ್ಲೂ ಒಬ್ಬ ಮನುಷ್ಯ, ಅವನ ಮುಂದೆ ನೀರು, ಬಳಸುವಾಗ ಅವನ ಮನಸ್ಸು. ರಾತ್ರಿ ಎರಡರ ಶಾಲೆಯಲ್ಲಿ ಇರುವುದು ನೀರು ಮಾತ್ರ.

ಈ ಇಕ್ಕಟ್ಟಿಗೆ ಎಲ್ಲರಿಗಿಂತ ಹತ್ತಿರ ಬಂದವರು ಜೈನರು. ಅವರ ಪ್ರಕಾರ ನೀರು ಜೀವಿಗಳು ಓಡಾಡುವ ಜಾಗವಷ್ಟೇ ಅಲ್ಲ, ನೀರನ್ನೇ ಒಡಲು ಮಾಡಿಕೊಂಡ ಏಕೇಂದ್ರಿಯ ಜೀವಗಳಿವೆ. ಬಟ್ಟೆಯಲ್ಲಿ ಸೋಸದೆ ನೀರು ಕುಡಿಯದಿರುವುದು, ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಎಲ್ಲಿಂದ ನೀರು ತಂದರೋ ಆ ಬಾವಿಗೇ ಮರಳಿಸುವುದು, ಇವೆಲ್ಲ ಆ ನಂಬಿಕೆಯಿಂದ ಬಂದ ವಾಡಿಕೆಗಳು. ಆದರೆ ಸಂಸಾರಿಯಾದವನು ನೀರು ಮುಟ್ಟದೆ ಒಂದು ದಿನವೂ ಕಳೆಯಲಾರ. ಹಾಗಾಗಿ ಶ್ರಾವಕರಿಗೆ, ಅಂದರೆ ಗೃಹಸ್ಥ ಜೈನರಿಗೆ, ವಿಧಿಸಿದ ಹನ್ನೆರಡು ವ್ರತಗಳಲ್ಲಿ ಒಂದು ಕುತೂಹಲದ ವ್ರತವಿದೆ: ಅನರ್ಥದಂಡ ವಿರತಿ. ಬದುಕಿಗೆ ಬೇಕಾಗಿ ಮಾಡುವ ಹಿಂಸೆ ಒಂದು ಬಗೆ. ಯಾವ ಪ್ರಯೋಜನವೂ ಇಲ್ಲದೆ, ಯಾರಿಗೂ ಏನೂ ಸಿಗದೆ ಆಗುವ ಹಿಂಸೆ ಇನ್ನೊಂದು. ಈ ವ್ರತ ಬಿಡಿಸುವುದು ಎರಡನೆಯದನ್ನು. ‘ತತ್ತ್ವಾರ್ಥಸೂತ್ರ’ಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ಅನರ್ಥದಂಡದ ಐದು ಬಗೆಗಳನ್ನು ವಿವರಿಸುತ್ತಾ, ಅಜಾಗರೂಕತೆಯಿಂದ ಆಗುವ ಬಗೆಗೆ ಉದಾಹರಣೆ ಕೊಡುತ್ತಾರೆ. ಕಾರಣವಿಲ್ಲದೆ ಮರ ಕಡಿಯುವುದು, ಕಾರಣವಿಲ್ಲದೆ ನೆಲ ಕುಟ್ಟುವುದು, ಕಾರಣವಿಲ್ಲದೆ ನೀರು ಚೆಲ್ಲುವುದು. ಕನ್ನಡ ನಾಡಿನ ಗಂಗರ ಕಾಲದೊಂದಿಗೆ ಹೆಸರು ಬೆಸೆದುಕೊಂಡಿರುವ ಈ ಆಚಾರ್ಯರು ನಲ್ಲಿಯನ್ನೂ ಕಂಡಿರಲಿಲ್ಲ, ಮೀಟರನ್ನೂ ಕಂಡಿರಲಿಲ್ಲ.

ಅವರ ಮಾತಿನಲ್ಲಿ ಎಷ್ಟು ಲೀಟರ್ ಚೆಲ್ಲಿತು ಎಂಬ ಪ್ರಶ್ನೆಯೇ ಬರುವುದಿಲ್ಲ. ಚೆಲ್ಲಿದವನ ಮನಸ್ಸು ಕೆಟ್ಟದ್ದಾಗಿರಬೇಕು ಎಂದೂ ಇಲ್ಲ. ಪ್ರಯೋಜನ ಇಲ್ಲದಿದ್ದರೆ, ಎಚ್ಚರ ಇಲ್ಲದಿದ್ದರೆ ಅಷ್ಟೇ ಸಾಕು. ಹಿಂಸೆಯ ವ್ಯಾಖ್ಯೆಯಲ್ಲೇ ಜೈನರು ಎಚ್ಚರಗೇಡಿತನವನ್ನು ಮುಂದಿಟ್ಟಿದ್ದಾರೆ. ಕಣ್ಣಿಟ್ಟು ನಡೆಯುವ ಮುನಿಯ ಕಾಲಿಗೆ ಸಿಕ್ಕಿ ಹುಳು ಸತ್ತರೆ ಅವನಿಗೆ ಹಿಂಸೆಯ ಬಂಧವಿಲ್ಲ, ನೋಡದೆ ನಡೆಯುವವನ ಕಾಲಿಗೆ ಏನೂ ಸಿಗದಿದ್ದರೂ ಅವನು ಹಿಂಸಕನೇ. ಹೊರಗಿನ ಫಲಕ್ಕೂ ದೋಷಕ್ಕೂ ಇರುವ ನಂಟನ್ನು ಇಷ್ಟು ನಿಷ್ಠುರವಾಗಿ ಕತ್ತರಿಸಿದ ಮತಗಳು ಕಡಿಮೆ. ಅರಿಸ್ಟಾಟಲನೂ ತನ್ನ ನೀತಿಶಾಸ್ತ್ರದ ಮೂರನೇ ಭಾಗದಲ್ಲಿ ಇದರ ಸಮೀಪಕ್ಕೆ ಬರುತ್ತಾನೆ. ಗೊತ್ತಿರಲಿಲ್ಲ ಎಂಬ ನೆಪ ಎಲ್ಲ ಕಡೆ ನಡೆಯದು, ತಿಳಿದುಕೊಳ್ಳುವುದು ಕೈಯಳತೆಯಲ್ಲೇ ಇದ್ದಾಗ ತಿಳಿಯದೆ ಉಳಿದದ್ದೇ ಅಪರಾಧ ಎಂಬುದು ಅವನ ವಾದ.

ಆದರೂ ಒಂದು ತೊಡಕು ಉಳಿಯುತ್ತದೆ. ಪೂಜ್ಯಪಾದರ ಶ್ರಾವಕ ಒಬ್ಬ ವ್ಯಕ್ತಿ, ಅರಿಸ್ಟಾಟಲನ ಅಪರಾಧಿಯೂ ಒಬ್ಬ ವ್ಯಕ್ತಿ. ಶಾಲೆ ವ್ಯಕ್ತಿಯಲ್ಲ. ಫ್ಲೋಟ್ ವಾಲ್ವ್ ಕೆಟ್ಟು ಓವರ್‌ಹೆಡ್ ಟ್ಯಾಂಕು ತುಂಬಿ ಹರಿಯುತ್ತಿದ್ದರೆ ಹೊಣೆ ಯಾರದ್ದು? ಹೆಡ್‌ಮಾಸ್ಟರು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯತ್ತ ನೋಡುತ್ತಾರೆ, ಎಸ್‌ಡಿಎಂಸಿ ಪಂಚಾಯಿತಿಯತ್ತ, ಪಂಚಾಯಿತಿ ಇಲಾಖೆಯತ್ತ, ಇಲಾಖೆ ಟ್ಯಾಂಕು ಕೂರಿಸಿದ ಕಂಟ್ರಾಕ್ಟರನತ್ತ. ಎಲ್ಲರ ಕೈಯಲ್ಲೂ ಹೊಣೆಯ ಒಂದೊಂದು ಚೂರು ಇದೆ, ಯಾರ ಚೂರೂ ಒಂದು ಸ್ಪ್ಯಾನರ್ ಹಿಡಿಯುವಷ್ಟು ದೊಡ್ಡದಲ್ಲ. ಮಿಗಿಲಾಗಿ ಪ್ರತಿಯೊಬ್ಬರೂ ಪ್ರಾಮಾಣಿಕವಾಗಿಯೇ ಹೇಳಬಹುದು: ನಮ್ಮ ಗಮನಕ್ಕೆ ಬಂದಿಲ್ಲ.

ಮಕ್ಕಳ ನೋಟ್‌ಬುಕ್ಕು ಕೆಡಿಸುವುದು ಈ ಒಂದು ವಾಕ್ಯವನ್ನು. ಸಂಜೆಯ ಅಂಕಿ, ಬೆಳಗಿನ ಅಂಕಿ, ವ್ಯತ್ಯಾಸ, ತಾರೀಖು. ಇಷ್ಟು ಬರೆದು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟ ಮೇಲೆ ಗಮನಕ್ಕೆ ಬಂದಿಲ್ಲ ಎನ್ನುವಂತಿಲ್ಲ. ಅದುವರೆಗೆ ವಾರಸುದಾರರಿಲ್ಲದೆ ಬಿದ್ದಿದ್ದ ತಪ್ಪಿಗೆ ಆ ದಿನದಿಂದ ವಾರಸುದಾರರು ಹುಟ್ಟುತ್ತಾರೆ. ಮಕ್ಕಳು ಎಷ್ಟು ಲೀಟರ್ ಉಳಿಸಿದರು ಎಂಬ ಸಂಖ್ಯೆ ವರದಿಗಳಿಗೆ ಚಂದ. ಅವರು ಮಾಡುವ ನಿಜವಾದ ಕೆಲಸ ಅದಕ್ಕಿಂತ ಕಿರಿಕಿರಿಯದ್ದು: ದೊಡ್ಡವರ ಅಜ್ಞಾನದ ಹಕ್ಕನ್ನು ಕಿತ್ತುಕೊಳ್ಳುವುದು. ಇಂಥ ತನಿಖೆಯನ್ನು ಉತ್ಸಾಹದಿಂದ ಶುರುಮಾಡಿಸಿ, ಮೊದಲ ಪಟ್ಟಿ ಬಂದ ಮೇಲೆ ತಣ್ಣಗಾಗಿಬಿಡುವ ಆಡಳಿತಗಳು ಇದ್ದರೆ ಅದರ ಗುಟ್ಟು ಇಲ್ಲೇ ಇರಬೇಕು.

ಇದರಲ್ಲೇ ಒಂದು ಅನ್ಯಾಯವೂ ಅಡಗಿದೆ. ವಾಷರ್ ಬದಲಿಸುವ ಅಧಿಕಾರ, ದುಡ್ಡು, ಸ್ಟೂಲು ಹತ್ತುವ ಅನುಮತಿ ಯಾವುದೂ ಮಕ್ಕಳ ಬಳಿ ಇಲ್ಲ. ಅವರ ಬಳಿ ಇರುವುದು ಕಣ್ಣು ಮಾತ್ರ. ಅವರ ಕಣ್ಣನ್ನು ಬಳಸಿಕೊಂಡು, ಅವರಿಗೇ ಸಂಯಮದ ಪಾಠ ಹೇಳಿ, ಪೈಪನ್ನು ಹಾಗೆಯೇ ಬಿಟ್ಟರೆ ಅದು ಹೊಣೆಯನ್ನು ಕೆಳಕ್ಕೆ ತಳ್ಳಿದಂತೆ. ಕೇಪ್‌ಟೌನ್‌ನ ದುರಸ್ತಿ ಪ್ರಯೋಗದಲ್ಲಿ ಮೆಚ್ಚಬೇಕಾದ್ದು ಆ 5000 ರ‍್ಯಾಂಡ್. ಲೆಕ್ಕ ತೆಗೆದವರು ಲೆಕ್ಕದ ಜತೆಗೆ ದುಡ್ಡನ್ನೂ ಹೊಂದಿಸಿದರು.

ಹಳೆಯ ಕನ್ನಡ ನಾಡು ಈ ಮಟ್ಟಿಗೆ ವ್ಯವಹಾರ ಬಲ್ಲದ್ದಾಗಿತ್ತು. ಕೆರೆ ಕಟ್ಟಿಸಿದರೆ ಪುಣ್ಯ, ಕೆರೆ ಒಡೆದರೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಎಂದು ಶಾಸನಗಳು ಹೇಳುವುದು ಎಲ್ಲರಿಗೂ ಗೊತ್ತು. ಅವೇ ಶಾಸನಗಳಲ್ಲಿ ಕಡಿಮೆ ಜನ ಗಮನಿಸುವ ಸಾಲುಗಳಿವೆ: ಕೆರೆಯ ಕೆಲಸಕ್ಕೆಂದು ಬಿಟ್ಟ ‘ಬಿತ್ತುವಟ್ಟ’, ‘ಕಟ್ಟುಗೊಡಗೆ’ ಎಂಬ ಭೂಮಿಗಳು, ಹೂಳು ಹೊರುವ ಬಂಡಿಗಾಗಿ ಬಿಟ್ಟ ದತ್ತಿಗಳು. ಏರಿ ಬಿರುಕು ಬಿಟ್ಟದ್ದು ಯಾರ ಪಾಪ ಎಂದು ಚರ್ಚಿಸುತ್ತ ಕೂರುವ ಬದಲು ಬಂಡಿಗೆ, ಎತ್ತಿಗೆ, ಆಳಿಗೆ ಆದಾಯ ಗೊತ್ತುಮಾಡಿದ್ದರು. ನಿರ್ವಹಣೆಯನ್ನು ಒಬ್ಬರ ಒಳ್ಳೆಯತನಕ್ಕೆ ಬಿಡದೆ ಗದ್ದೆಗೆ ಕಟ್ಟಿಹಾಕಿದ ಬುದ್ಧಿ ಅದು. ಮುಂದೆ ಇದೇ ನಾಡು 2006ರ ಸುವರ್ಣ ಕರ್ನಾಟಕದ ಹೊತ್ತಿಗೆ ‘ಸುವರ್ಣ ಜಲ’ ಯೋಜನೆಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಿಗೆ ಮಳೆನೀರಿನ ತೊಟ್ಟಿ ಕಟ್ಟಿಸಲು ಹೊರಟಿತು. ಉದ್ದೇಶ ಒಳ್ಳೆಯದೇ. ಆದರೆ ಮೇಲಿನ ಛಾವಣಿ ಗುಡಿಸುವವರು, ಸೋಸುವ ಜಲ್ಲಿ ತೊಳೆಯುವವರು, ಮುರಿದ ಪೈಪು ಜೋಡಿಸುವವರು ಯಾರೆಂದು ಗಟ್ಟಿಯಾಗಿ ಗೊತ್ತುಮಾಡದ ಕಡೆಗಳಲ್ಲೆಲ್ಲ ತೊಟ್ಟಿಗಳು ಒಣಗಿ ನಿಂತವು. ಕಟ್ಟಿಸಿದ ವರ್ಷದ ಫಲಕ ಮಾತ್ರ ಸ್ಪಷ್ಟವಾಗಿ ಓದಬಹುದಿತ್ತು.

ಇಷ್ಟೆಲ್ಲ ಹೇಳಿದರೂ ಕೈಗಳ ನೀರನ್ನು ಲೆಕ್ಕದಿಂದ ಬಿಡುವಂತಿಲ್ಲ. ಅರ್ಧ ಲೀಟರ್ ಉಳಿಸುವ ಹುಡುಗ ಕೇಳಬಹುದು: ಅಣೆಕಟ್ಟಿನಲ್ಲಿ ನನ್ನ ಅರ್ಧ ಲೀಟರ್ ಎಲ್ಲಿ ಕಾಣುತ್ತದೆ? ಇಂಗ್ಲೆಂಡಿನ ತತ್ತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರಲ್ಲಿ ಬಂದ ತಮ್ಮ ‘ರೀಸನ್ಸ್ ಅಂಡ್ ಪರ್ಸನ್ಸ್’ ಪುಸ್ತಕದಲ್ಲಿ ಇದಕ್ಕೆ ನೀರಿನದ್ದೇ ಉದಾಹರಣೆ ಕಟ್ಟಿದ್ದಾರೆ. ಮರುಭೂಮಿಯಲ್ಲಿ ಗಾಯಗೊಂಡ ಹತ್ತು ಸಾವಿರ ಜನ ದಾಹದಿಂದ ನರಳುತ್ತಿದ್ದಾರೆ. ಇತ್ತ ಹತ್ತು ಸಾವಿರ ಜನರ ಕೈಯಲ್ಲಿ ಒಂದೊಂದು ಪೈಂಟ್, ಅಂದರೆ ಅರ್ಧ ಲೀಟರಿಗಿಂತ ಚೂರು ಹೆಚ್ಚು ನೀರಿದೆ. ಎಲ್ಲರೂ ಅದನ್ನು ಒಂದು ಗಾಡಿಯ ತೊಟ್ಟಿಗೆ ಸುರಿಯುತ್ತಾರೆ, ಗಾಡಿ ಹೋಗಿ ಸಮನಾಗಿ ಹಂಚುತ್ತದೆ. ನಾನೊಬ್ಬ ಸುರಿದರೆ ಪ್ರತಿ ಗಾಯಾಳುವಿಗೆ ಸಿಗುವುದು ಆ ಪೈಂಟಿನ ಹತ್ತು ಸಾವಿರದಲ್ಲೊಂದು ಭಾಗ, ಹೆಚ್ಚುಕಡಿಮೆ ಒಂದೇ ಒಂದು ಹನಿ. ಯಾರ ದಾಹವೂ ಅದರಿಂದ ಗುರುತಿಸುವಷ್ಟು ತಣಿಯದು. ಹಾಗೆಂದು ನಾನು ಸುರಿಯದೆ ಉಳಿದರೆ ತಪ್ಪಿಲ್ಲವೇ? ಪಾರ್ಫಿಟ್ ತಪ್ಪಿದೆ ಎನ್ನುತ್ತಾರೆ. ಒಬ್ಬೊಬ್ಬರ ಕೆಲಸದ ಫಲ ಕಣ್ಣಿಗೆ ಬೀಳದು ಎಂಬ ಕಾರಣಕ್ಕೆ ಆ ಕೆಲಸಕ್ಕೆ ನೈತಿಕ ತೂಕವೇ ಇಲ್ಲವೆನ್ನುವುದು ಲೆಕ್ಕದ ದೋಷ, ಎಲ್ಲರೂ ಸೇರಿ ಏನು ಮಾಡುತ್ತಿದ್ದೇವೆ ಎಂದು ನೋಡಬೇಕು.

ವಾದ ಗಟ್ಟಿಯಾಗಿದೆ. ಆದರೆ ಅದು ನಡೆಯಲು ತೊಟ್ಟಿ ಸೋರದೆ ಇರಬೇಕು! ಗಾಡಿಯ ತಳದಲ್ಲಿ ತೂತಿದೆ, ಅದು ಗಾಡಿಯವನಿಗೂ ಗೊತ್ತು, ಆದರೂ ಸುರಿಯಿರಿ ಸುರಿಯಿರಿ ಎಂದು ಕೂಗುತ್ತಿದ್ದಾನೆ ಎಂದಾದರೆ ಸುರಿಯುವವರ ಕರ್ತವ್ಯ ಏನು ಎಂಬುದನ್ನು ಪಾರ್ಫಿಟ್ ಆ ಉದಾಹರಣೆಯಲ್ಲಿ ಕೇಳಿಕೊಂಡಿಲ್ಲ. ಶಾಲೆಯ ಮಕ್ಕಳು ಕೇಳಿಕೊಳ್ಳಬೇಕಾಗುತ್ತದೆ.

ನಾಚಿಕೆಯ ಬಳಕೆಯ ಬಗ್ಗೆಯೂ ಒಂದು ಮಾತು. ಕೇಪ್‌ಟೌನ್ ಆಡಳಿತ 2018ರ ಜನವರಿಯಲ್ಲಿ ನಗರದ ನಕ್ಷೆಯೊಂದನ್ನು ಅಂತರ್ಜಾಲದಲ್ಲಿ ಬಿಟ್ಟಿತು. ಮಿತಿಯೊಳಗಿದ್ದ ಮನೆಗಳ ಮೇಲೆ ಹಸಿರು ಚುಕ್ಕೆ. ಚುಕ್ಕೆ ಇಲ್ಲದವರ ಕಡೆ ಅಕ್ಕಪಕ್ಕದವರ ನೋಟ ಹೇಗೆ ತಿರುಗಿತೆಂದು ಬಿಡಿಸಿ ಹೇಳಬೇಕಿಲ್ಲ. ಒಂದೇ ಮೀಟರಿನ ಹಿಂದೆ ಮೂರು ಸಂಸಾರ ಇರಬಹುದು, ಹಾಸಿಗೆ ಹಿಡಿದ ಅಜ್ಜಿ ಇರಬಹುದು, ಚುಕ್ಕೆಗೆ ಅದು ತಿಳಿಯದು. ಶಾಲೆಗಳ ನಡುವಿನ ಪೈಪೋಟಿಯಲ್ಲೂ ಇದೇ ಅಪಾಯ. ಅತಿ ಕಡಿಮೆ ನೀರು ಬಳಸಿದ ಶಾಲೆಗೆ ಬಹುಮಾನ ಎಂದರೆ, ಬಹುಮಾನ ನೇರವಾಗಿ ಹೋಗಬೇಕಾದ್ದು ಶೌಚಾಲಯಕ್ಕೆ ನೀರೇ ಬಾರದ ಶಾಲೆಗೆ. ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಶಾಲೆಯ ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಕೇರಳದ ಶಾಲೆಗಳಲ್ಲಿ 2019ರಲ್ಲಿ ನೀರು ಕುಡಿಯಲು ಜ್ಞಾಪಿಸುವ ‘ವಾಟರ್ ಬೆಲ್’ ಬಾರಿಸತೊಡಗಿದರು, ಕರ್ನಾಟಕವೂ ಅನುಸರಿಸಿತು. ಬೆಲ್ ಬಾರಿಸಿ ಕುಡಿಸಬೇಕಾದ ಪರಿಸ್ಥಿತಿ ಇರುವಲ್ಲಿ ಉಳಿತಾಯದ ಪಾಠವನ್ನು ಯಾವ ನಲ್ಲಿಯಿಂದ ಶುರುಮಾಡುತ್ತೇವೆ ಎಂಬುದನ್ನು ನೋಡಿಕೊಳ್ಳಬೇಕು.

ಶಾಲೆ ಮತ್ತು ನೀರಿನ ಬಗ್ಗೆ ಈ ದೇಶದಲ್ಲಿ ಯಾರೇ ಬರೆದರೂ ಸಾತಾರದ ಒಬ್ಬ ವಿದ್ಯಾರ್ಥಿಯನ್ನು ದಾಟಿ ಹೋಗಲಾಗದು. ಅಂಬೇಡ್ಕರ್ ಅವರು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ನೆನಪುಗಳಲ್ಲಿ ತಮ್ಮ ಶಾಲೆಯ ನಲ್ಲಿಯ ಬಗ್ಗೆ ಬರೆದಿದ್ದಾರೆ. ಸವರ್ಣ ಮಕ್ಕಳು ಬಾಯಾರಿದರೆ ಮೇಷ್ಟರನ್ನು ಕೇಳಿ ಹೋಗಿ ನಲ್ಲಿ ತಿರುಗಿಸಿ ಕುಡಿಯಬಹುದಿತ್ತು. ಈ ಹುಡುಗ ನಲ್ಲಿ ಮುಟ್ಟುವಂತಿರಲಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ರಜೆಯಲ್ಲಿದ್ದರೆ ಆ ದಿನ ನೀರಿಲ್ಲ. ಆ ಶಾಲೆಯಲ್ಲಿ ಅಂದು ಯಾರಾದರೂ ನೀರಿನ ತನಿಖೆ ಮಾಡಿದ್ದರೆ ಈ ಹುಡುಗನ ಹೆಸರಿನ ಮುಂದೆ ಎಲ್ಲರಿಗಿಂತ ಕಡಿಮೆ ಅಂಕಿ ಬರುತ್ತಿತ್ತು. ನೀರು ಕೆಡಬಾರದು ಎಂಬ ಶಾಸ್ತ್ರದ ಕಾಳಜಿಯೇ ಯಾರು ಮುಟ್ಟಿದರೆ ಕೆಡುತ್ತದೆ ಎಂಬಲ್ಲಿಗೆ ಹೋಗಿ ನಿಂತಿತ್ತು. 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರನ್ನು ಅವರು ಕೈಯಾರೆ ಎತ್ತಿಕೊಂಡದ್ದು ಆ ನಲ್ಲಿಗೂ ಉತ್ತರವಾಗಿತ್ತು. ಉದ್ದಿನ ಕಾಳು ಮುಳುಗುವಷ್ಟು ನೀರಿನ ಮಿತವ್ಯಯವನ್ನು ಹೊಗಳುವಾಗ ಈ ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಳ್ಳದಿದ್ದರೆ ಹೊಗಳಿಕೆ ಅರೆಬರೆಯಾಗುತ್ತದೆ. ಕೇಪ್‌ಟೌನ್‌ನಲ್ಲೂ ಅಷ್ಟೇ. 50 ಲೀಟರ್ ಎಂದಾಗ ನಗರದ ಶ್ರೀಮಂತ ಬಡಾವಣೆಗಳು ಬೆಚ್ಚಿಬಿದ್ದವು, ಬೀದಿ ನಲ್ಲಿಯಿಂದ ಬಕೆಟ್ ಹೊತ್ತು ಬದುಕುವ ಜೋಪಡಿಗಳವರಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ.

2018ರ ಚಳಿಗಾಲದ ಮಳೆ ಕೇಪ್‌ಟೌನ್‌ನ ಕೈಬಿಡಲಿಲ್ಲ. ಡೇ ಜೀರೋ ಬರಲೇ ಇಲ್ಲ. 2020ರ ಅಕ್ಟೋಬರ್ ಹೊತ್ತಿಗೆ ಅಣೆಕಟ್ಟುಗಳು ತುಂಬಿದವು. ಈಗ ಪ್ರಶ್ನೆ ಇನ್ನೊಂದು ಬಗೆಯಲ್ಲಿ ಎದುರು ನಿಲ್ಲುತ್ತದೆ. ಕೊರತೆ ಇದ್ದಾಗ ಉಳಿಸುವುದು ವಿವೇಕ. ಕೊರತೆ ತೀರಿದ ಮೇಲೂ ಉಳಿಸಬೇಕೇ, ಯಾಕೆ?

ಇಬ್ನ್ ಮಾಜಾ ಅವರ ಹದೀಸ್ ಸಂಗ್ರಹದಲ್ಲಿ ಇದಕ್ಕೆ ಸಂಬಂಧಿಸಿದ ಪ್ರಸಂಗವೊಂದಿದೆ, ಅದರ ನಿರೂಪಕರ ಸರಪಳಿಯ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದ್ದರೂ ಮುಸ್ಲಿಂ ಲೋಕದಲ್ಲಿ ಬಹಳ ಪ್ರಸಿದ್ಧ. ಸಅದ್ ಎಂಬ ಅನುಯಾಯಿ ವುಜೂ ಮಾಡುತ್ತಿದ್ದಾಗ ಪ್ರವಾದಿಯವರು ಇದೇನು ದುಂದು ಎಂದು ಕೇಳಿದರಂತೆ. ವುಜೂವಿನಲ್ಲೂ ದುಂದು ಎಂಬುದುಂಟೇ ಎಂದು ಸಅದ್ ಅಚ್ಚರಿಪಟ್ಟಾಗ, ಹರಿಯುವ ನದಿಯ ದಡದಲ್ಲಿದ್ದರೂ ಉಂಟು ಎಂದರಂತೆ. ತಾರ್ಕಿಕನಿಗೆ ಇದು ಕಷ್ಟದ ಮಾತು. ನದಿಯಿಂದ ಎತ್ತಿದ ನೀರು ಕೈಯಿಂದ ಜಾರಿ ನದಿಗೇ ಬೀಳುತ್ತದೆ. ನಷ್ಟವಾಗುವವರು ಯಾರೂ ಇಲ್ಲ, ಕಡಿಮೆಯಾಗುವುದು ಏನೂ ಇಲ್ಲ. ಫಲವನ್ನು ಮಾತ್ರ ತೂಗುವ ಯಾವ ನೀತಿಶಾಸ್ತ್ರವೂ ಇಲ್ಲಿ ದೋಷ ಹುಡುಕಲಾರದು. ಪೂಜ್ಯಪಾದರು ಹುಡುಕಬಲ್ಲರು. ಪ್ರಯೋಜನವಿಲ್ಲದೆ ಚೆಲ್ಲಿದ್ದು ಚೆಲ್ಲಿದ್ದೇ ಎಂಬಲ್ಲಿ ಅರಬ್ಬರ ಮರಳುಗಾಡೂ ಕನ್ನಡ ನಾಡಿನ ಬಸದಿಯೂ ಅಕ್ಕಪಕ್ಕ ಕೂತುಬಿಡುತ್ತವೆ.

ಆದರೆ ಶಾಲೆಯ ನಲ್ಲಿ ನದಿಯ ದಡವಲ್ಲ. ಕಾವೇರಿ ತುಂಬಿ ಹರಿಯುತ್ತಿರುವ ವರ್ಷವೂ ಬೆಂಗಳೂರಿನ ಶಾಲೆಯೊಂದಕ್ಕೆ ಆ ನೀರು ಬರಬೇಕಾದರೆ ಸುಮಾರು 100 ಕಿ.ಮೀ. ಸಾಗಬೇಕು, ಹತ್ತಿರ ಹತ್ತಿರ 500 ಮೀಟರ್ ಮೇಲೇರಬೇಕು. ಪಂಪಿನ ನಷ್ಟ, ಪೈಪಿನ ಘರ್ಷಣೆ ಎಲ್ಲ ಬಿಟ್ಟು ಬರಿಯ ಎತ್ತುವ ಲೆಕ್ಕವನ್ನೇ ಹಿಡಿದರೂ ಸಾವಿರ ಲೀಟರಿಗೆ ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ಇಪ್ಪತ್ತು ನಿಮಿಷಕ್ಕೆ ಬಾಟಲಿ ತುಂಬಿಸಿದ ಆ ನಲ್ಲಿ ವರ್ಷಕ್ಕೆ 26 ಸಾವಿರ ಲೀಟರ್ ಚೆಲ್ಲುತ್ತದೆ, ಅದನ್ನು ಮೇಲೆತ್ತಲು ಕನಿಷ್ಠ 36 ಯೂನಿಟ್. ಭೌತಶಾಸ್ತ್ರದ ಪಾಠದಲ್ಲಿ ಕೆಲಸ ಮತ್ತು ಶಕ್ತಿಯ ಅಧ್ಯಾಯ ಮುಗಿಸಿದ ಮಕ್ಕಳಿಗೆ ಇದು ಐದು ನಿಮಿಷದ ಲೆಕ್ಕ. ಸಅದ್ ಅವರಿಗೆ ಸಿಕ್ಕ ಉತ್ತರಕ್ಕೆ ಈ ಯಾವ ಲೆಕ್ಕವೂ ಬೇಕಿರಲಿಲ್ಲ. ಒಂದು ವಾಷರಿಗೂ ಮಂಜೂರಾತಿ ಕೇಳಿ ಅರ್ಜಿ ಬರೆಯಬೇಕಾದ ಹೆಡ್‌ಮಾಸ್ಟರಿಗೆ ಬೇಕಾಗುತ್ತದೆ. ಅರ್ಜಿಯಲ್ಲಿ ಹದೀಸನ್ನೋ ಸರ್ವಾರ್ಥಸಿದ್ಧಿಯನ್ನೋ ಆಧಾರ ಕೊಟ್ಟರೆ ಕಡತ ಮುಂದೆ ಹೋಗುವುದಿಲ್ಲ, ಲೀಟರು, ಯೂನಿಟ್ಟು, ರೂಪಾಯಿಗಳನ್ನೇ ನಮೂದಿಸಬೇಕು.